ಚಿರಕಾರಿಯೂ ದೀರ್ಘಸೂತ್ರಿಯೂ

ಕಾರ್ಯವನ್ನು ನಾಳೆಗೆ ನೂಕುವವನನ್ನು ಭಗವದ್ಗೀತೆಯ 18ನೆಯ ಅಧ್ಯಾಯವು ದೀರ್ಘಸೂತ್ರಿಯೆಂದು ಕರೆದು ತಾಮಸಕರ್ತೃಗಳ ಪಂಕ್ತಿಯಲ್ಲಿ ಕುಳ್ಳಿರಿಸಿದೆ. ಆದರೆ ಶಾಂತಿಪರ್ವದಲ್ಲಿ ಗೌತಮಪುತ್ರನಾದ ಚಿರಕಾರಿಯ ಉಪಾಖ್ಯಾನವೂ ಉಂಟು. ತಾಯಿಯನ್ನು ವಧಿಸೆಂದು ಆಜ್ಞಾಪಿಸಿ ತಂದೆಯು ಹೊರಟುಹೋಗಲು, ಮಗನು ಬಹುಕಾಲ ಆಲೋಚಿಸುತ್ತಲೇ ನಿಂತನು. ಪಶ್ಚಾತ್ತಾಪದಿಂದ ಬೆಂದು ತಂದೆಯು ಹಿಂದಿರುಗಿದಾಗ ತಾಯಿಯು ಬದುಕಿದ್ದಳು. ಮಗನ ವಿಳಂಬವೇ ಪ್ರಶಂಸೆಗೆ ಪಾತ್ರವಾಯಿತು.

ದೀರ್ಘಸಂಶೋಧನೆಗೆ ಕೈಹಾಕಿದ ವಿದ್ವಾಂಸನು ತನ್ನ ವಿಳಂಬಕ್ಕೆ ಈ ಚಿರಕಾರಿಯನ್ನೇ ಸಾಕ್ಷಿಗೆ ಕರೆಯುತ್ತಾನೆ. ಅವನನ್ನು ಸೋಮಾರಿಯೆನ್ನುವುದು ಅನ್ಯಾಯ. ದಿನವೂ ಓದುತ್ತಾನೆ, ಟಿಪ್ಪಣಿ ಬರೆದುಕೊಳ್ಳುತ್ತಾನೆ, ಕಾಗದದ ಕಟ್ಟುಗಳನ್ನು ಬಿಚ್ಚಿ ಮತ್ತೆ ಕಟ್ಟುತ್ತಾನೆ. ಗ್ರಂಥದ ಮೊದಲ ವಾಕ್ಯವನ್ನು ಮಾತ್ರ ಬರೆಯನು. ಇನ್ನೊಂದು ಓಲೆಯ ಪ್ರತಿ ದೊರೆಯಲಿ, ಇನ್ನೊಂದು ಶಾಸನವನ್ನು ನೋಡಿಬಿಡುವೆನು ಎಂಬ ಮಾತು ಸತ್ಯನಿಷ್ಠೆಯಂತೆ ತೋರುವುದು. ಅದರೊಳಗೆ ಅಡಗಿರುವುದು ಬಹುಮಟ್ಟಿಗೆ, ತಪ್ಪು ಹೊರಬಿದ್ದೀತೆಂಬ ಭಯ.

ಶ್ರೀರಂಗಪಟ್ಟಣದ ಸಮೀಪದ ಕೊಪ್ಪಲಿನಲ್ಲಿ 1860ರಲ್ಲಿ ಜನಿಸಿದ ಆರ್. ನರಸಿಂಹಾಚಾರ್ಯರು ಕವಿಗಳೆಲ್ಲ ದೊರೆಯಲೆಂದು ಕಾದಿದ್ದರೆ ‘ಕರ್ಣಾಟಕ ಕವಿಚರಿತೆ’ಯು ಎಂದಿಗೂ ಹೊರಬರುತ್ತಿರಲಿಲ್ಲ. ಮೊದಲನೆಯ ಸಂಪುಟ 1907ರಲ್ಲಿ, ಎರಡನೆಯದು 1919ರಲ್ಲಿ, ಮೂರನೆಯದು 1929ರಲ್ಲಿ ಪ್ರಕಟವಾದುವು. ನಡುವೆ 1924ರಲ್ಲಿ ಮೊದಲನೆಯದೇ ಪರಿಷ್ಕಾರ ಹೊಂದಿ ಮತ್ತೆ ಅಚ್ಚಾಯಿತು. ಅಚ್ಚಾದ ತಪ್ಪನ್ನು ತಿದ್ದಬಹುದು. ಚಿರಕಾರಿಗೆ ವಿಧಿಸಿದ್ದ ಕಾರ್ಯವಾದರೋ ಒಮ್ಮೆ ನಡೆದರೆ ತಿದ್ದಲಾಗದಂತಹದು. ಈ ಭೇದವನ್ನು ಮರೆತು ಅವನ ಹೆಸರನ್ನು ಎತ್ತುವುದು ಸಲ್ಲದು.

ಕೆಲವೆಡೆ ವಿಳಂಬವೇ ವಧೆಯಾಗುತ್ತದೆ. ಮದ್ದೂರು ಸೀಮೆಯ ಆತಕೂರಿನ ಶಾಸನವು, ಕಾಳಿಯೆಂಬ ಬೇಟೆನಾಯಿಯ ಸ್ಮರಣೆಯನ್ನು ಹೊತ್ತು, ಪಂಡಿತರು ಓದಿ ಪ್ರಕಟಿಸುವವರೆಗೆ ಒಂಬೈನೂರು ವರ್ಷಗಳಿಗೂ ಮೇಲ್ಪಟ್ಟು ಕಾದು ನಿಂತಿತು. ಕಲ್ಲಿಗೆ ಅದು ಸಾಧ್ಯ. ಮಳವಳ್ಳಿ ತಾಲ್ಲೂಕಿನ ಬೊಪ್ಪಗೌಡನಪುರವು ಮಂಟೇಸ್ವಾಮಿ ಪರಂಪರೆಯ ಕ್ಷೇತ್ರ. ತಂಬೂರಿ ಗಗ್ಗರಗಳೊಡನೆ ಆತನ ಕಥೆಯನ್ನು ಇರುಳೆಲ್ಲ ಹಾಡುವ ನೀಲಗಾರರಲ್ಲಿ ಒಬ್ಬನ ಪಾಠ ಇನ್ನೊಬ್ಬನದರಂತೆ ಇರುವುದಿಲ್ಲ. ವೃದ್ಧನೊಬ್ಬನು ಕಣ್ಮುಚ್ಚಿದರೆ ಅವನ ಪಾಠವೂ ಅವನೊಡನೆ ಮಣ್ಣಾಗುವುದು. ಸಂಶೋಧಕನು ಆಗ ಪ್ರಸ್ತಾವನೆಯನ್ನು ಹೇಗೆ ಆರಂಭಿಸಲೆಂದು ಯೋಚಿಸುತ್ತಿರುತ್ತಾನೆ!

ಮಂಡ್ಯದಲ್ಲಿ ಕುಳಿತು ಇಂತಹ ಗ್ರಂಥವನ್ನು ಸಂಕಲ್ಪಿಸಿದವನು ಭಂಡಾರದ ಓಲೆಗಟ್ಟನ್ನು ಆಮೇಲೆ ನೋಡಬಹುದು. ಮೊದಲು ಹೋಗತಕ್ಕದ್ದು ಮುದುಕರ ಬಳಿಗೆ. ಕೇಳಿ ಬಂದ ದಿನವೇ, ದೀಪ ಆರಿಸುವ ಮುನ್ನ, ಪೂರ್ಣವಾಕ್ಯಗಳಲ್ಲಿ ಒಂದು ಪುಟವನ್ನಾದರೂ ಬರೆದಿಡತಕ್ಕದ್ದು. ಅದರಲ್ಲಿ ಊರು, ಹಾಡಿದವನ ಹೆಸರು, ದಿನ ಇವಿಷ್ಟು ಸರಿಯಾಗಿದ್ದರೆ, ಉಳಿದ ತಪ್ಪುಗಳನ್ನು ಮುಂದೆ ಬರುವವರು ತಿದ್ದಿಕೊಳ್ಳುವರು.