ಮಕ್ಪೇಲದ ಹೊಲದ ಕ್ರಯವೂ ಮೊಬೈಲಿನ ಸಂತೆಯೂ

(ಧ್ಯಾನಭಾಗ: ಆದಿಕಾಂಡ 23ನೆಯ ಅಧ್ಯಾಯ)



ಸಾರಳು ಹೆಬ್ರೋನಿನಲ್ಲಿ ತೀರಿಕೊಂಡಾಗ ಅಬ್ರಹಾಮನಿಗೆ ಆ ದೇಶದಲ್ಲಿ ಹೆಂಡತಿಯನ್ನು ಹೂಣಿಡುವಷ್ಟು ಸ್ವಂತ ನೆಲವೂ ಇರಲಿಲ್ಲ. ಅವನಿಗೆ ದುಃಖವಿತ್ತು, ಅವಸರವೂ ಇತ್ತು. ಯಾಕಂದರೆ ಶವವನ್ನು ಮನೆಯಲ್ಲಿಟ್ಟುಕೊಂಡು ಬಹುದಿನ ವ್ಯವಹಾರ ನಡಿಸುವ ಹಾಗಿಲ್ಲ. ಆದರೂ ಅವನು ಆ ಕ್ರಯವನ್ನು ನಡಿಸಿದ ಕ್ರಮವನ್ನು ನೋಡಿರಿ. ಊರಬಾಗಲಿಗೆ ಹೋಗಿ ಹಿತ್ತಿಯರೆಲ್ಲರ ಎದುರಿನಲ್ಲಿ ಮಾತಾಡಿದನು. ಹೊಲವನ್ನು ಸುಮ್ಮನೆ ಕೊಡುವೆನೆಂದು ಎಫ್ರೋನನು ಹೇಳಿದಾಗ, ಬೇಡ, ಪೂರ್ಣ ಬೆಲೆಯನ್ನು ಕೊಡುವೆನೆಂದನು. ಬೆಲೆಯು 400 ಶೆಕೆಲ್ ಬೆಳ್ಳಿ ಎಂದು ಗೊತ್ತಾದ ಮೇಲೆ ಅದನ್ನು ಎಲ್ಲರೂ ನೋಡುವಂತೆ ತೂಗಿ ಕೊಟ್ಟನು. ಹೊಲವೂ, ಅದರ ಕೊನೆಯಲ್ಲಿದ್ದ ಗವಿಯೂ, ಎಲ್ಲೆಯೊಳಗಿನ ಮರಗಳೂ ಒಂದೊಂದಾಗಿ ಹೆಸರಿಸಲ್ಪಟ್ಟು ಅವನ ಸ್ವಾಸ್ತ್ಯವಾದವು. ಆ ದೇಶವೆಲ್ಲಾ ನಿನ್ನ ಸಂತತಿಗೆ ಸಲ್ಲುವದೆಂಬ ದೇವರ ವಾಗ್ದಾನವನ್ನು ನಂಬಿದ್ದ ಮನುಷ್ಯನೇ ಒಂದು ಹೊಲವನ್ನು ಸಾಕ್ಷಿಗಳಿಲ್ಲದೆ ಕೊಳ್ಳಲಿಲ್ಲ. ದೇವರಲ್ಲಿ ನಂಬಿಕೆಯಿಡುವದು ಬೇರೆ, ಮುಖ ಕಾಣದ ಮಾರಾಟಗಾರನನ್ನು ನಂಬುವದು ಬೇರೆ.

ಜಮಖಂಡಿ, ಮುಧೋಳ, ಬೀಳಗಿ ಸೀಮೆಯ ಒಕ್ಕಲಿಗನಿಗೆ ಇದು ಹೊಸ ಪಾಠವಲ್ಲ. ದನದ ಸಂತೆಯಲ್ಲಿ ಎತ್ತು ಕೊಳ್ಳುವವನು ಮೊದಲು ಬಾಯಿ ಬಿಡಿಸಿ ಹಲ್ಲು ನೋಡುತ್ತಾನೆ, ಸುಳಿ ನೋಡುತ್ತಾನೆ, ನಾಲ್ಕು ಹೆಜ್ಜೆ ನಡೆಸಿ ಕಾಲು ನೋಡುತ್ತಾನೆ. ಬೆಲೆಯನ್ನು ವಲ್ಲಿಯ ಮರೆಯಲ್ಲಿ ಬೆರಳು ಹಿಡಿದು ಗೊತ್ತುಮಾಡಿದರೂ ಹಣವನ್ನು ನಾಲ್ವರ ಎದುರಿನಲ್ಲಿಯೇ ಎಣಿಸುತ್ತಾನೆ. ಇಷ್ಟು ಎಚ್ಚರವುಳ್ಳವನೇ ಮನೆಗೆ ಬಂದು ಮೊಬೈಲು ತೆರೆದು, ಓಎಲ್‌ಎಕ್ಸ್‌ನಲ್ಲಾಗಲಿ ಫೇಸ್‌ಬುಕ್ಕಿನ ಮಾರುಕಟ್ಟೆಯಲ್ಲಾಗಲಿ ಹಳೆಯ ಮೋಟಾರು ಸೈಕಲ್ಲಿನ ಚಿತ್ರವನ್ನು ಕಂಡು, ಗಾಡಿಯನ್ನು ಮುಟ್ಟಿಯೂ ನೋಡದೆ ಮುಂಗಡ ಕಳಿಸಿಬಿಡುವದು ಹೇಗೆ? ಚಿತ್ರದ ಎತ್ತಿಗೆ ಹಲ್ಲು ಎಲ್ಲಿಯದು?

ಮೊಬೈಲಿನ ಸಂತೆಯು ಪಾಪವೆಂದು ನಾನು ಹೇಳುವದಿಲ್ಲ. ರಬಕವಿ ಬನಹಟ್ಟಿಯ ನೇಕಾರನು ತನ್ನ ಸೀರೆಯ ಚಿತ್ರವನ್ನು ವಾಟ್ಸಾಪಿನಲ್ಲಿ ಕಳಿಸಿ ದೂರದ ಊರಿನವರಿಗೆ ನೇರವಾಗಿ ಮಾರಿದರೆ ಅದು ಅವನಿಗೆ ಉಪಕಾರವೇ. ಆದರೆ ಸಂತೆ ಎಲ್ಲಿಯೋ ಅಲ್ಲಿ ಕಿಸೆಗಳ್ಳನೂ ಇರುತ್ತಾನೆ.

ಆ ಕಳ್ಳನ ರೀತಿಯನ್ನು ತಿಳಿಯಬೇಕಾದರೆ ಯೆಹೋಶುವನ ಗ್ರಂಥದ 9ನೆಯ ಅಧ್ಯಾಯವನ್ನು ಓದಿರಿ. ಗಿಬ್ಯೋನ್ಯರು ಬೂಷ್ಟು ಹಿಡಿದ ರೊಟ್ಟಿಯನ್ನೂ ತೇಪೆ ಹಾಕಿದ ಕೆರಗಳನ್ನೂ ತೋರಿಸಿ ಬಹುದೂರದಿಂದ ಬಂದವರೆಂದು ನಂಬಿಸಿದರು. ಇಸ್ರಾಯೇಲಿನ ಹಿರಿಯರು ರೊಟ್ಟಿಯನ್ನು ನೋಡಿದರೇ ಹೊರತು ವಿಚಾರಿಸಲಿಲ್ಲ. ಅವರು ಹತ್ತಿರದವರಾಗಿದ್ದು ದೂರದವರೆಂದರು. ಈಗಿನ ಕಳ್ಳನು ದೂರದವನಾಗಿದ್ದು ಹತ್ತಿರದವನೆನ್ನುತ್ತಾನೆ. ತಾನು ಸೈನಿಕನು, ಬೇರೆ ಊರಿಗೆ ವರ್ಗವಾಗಿದೆ, ಆದದರಿಂದ ಕಡಿಮೆ ಬೆಲೆಗೆ ಕೊಡುತ್ತೇನೆಂದು ಹೇಳಿ ಗುರುತಿನ ಚೀಟಿಯ ಚಿತ್ರವನ್ನು ಕಳಿಸುತ್ತಾನೆ. ಆ ಚೀಟಿಯು ಗಿಬ್ಯೋನ್ಯರ ರೊಟ್ಟಿಯೇ ಸರಿ. ಅದು ಮತ್ತೊಬ್ಬನದಾಗಿರಬಹುದು, ಕಲ್ಪಿತವೂ ಆಗಿರಬಹುದು.

ನಮ್ಮ ಸೀಮೆಗೆ ಹತ್ತಿರದ ದೃಷ್ಟಾಂತವನ್ನು ಹೇಳುವೆನು. ಮುಧೋಳದ ಬೇಟೆನಾಯಿಯ ಹೆಸರು ಈಗ ದೇಶದಲ್ಲೆಲ್ಲಾ ಹಬ್ಬಿರುತ್ತದೆ. 2005ರಲ್ಲಿ ಅದರ ಚಿತ್ರವುಳ್ಳ ಅಂಚೆಚೀಟಿ ಹೊರಟಿತು. 2020ರ ಆಗಸ್ಟಿನಲ್ಲಿ ಪ್ರಧಾನಮಂತ್ರಿಗಳು ಬಾನುಲಿ ಭಾಷಣದಲ್ಲಿ ಅದನ್ನು ಹೊಗಳಿದರು. ಮರಿ ಬೇಕೆನ್ನುವವರು ಹೆಚ್ಚಿದ ಹಾಗೆ ಜಾಲದಲ್ಲಿ ಮರಿಗಳ ಜಾಹೀರಾತುಗಳೂ ಹೆಚ್ಚಿದವು. ಅವುಗಳಲ್ಲಿ ಪ್ರಾಮಾಣಿಕರವೂ ಉಂಟು. ಆದರೆ ಜಾಹೀರಾತಿನ ಹಿಂದೆ ಕಳ್ಳನು ನಿಂತಿದ್ದರೆ ನಡೆಯುವದು ಹೀಗೆ. ಚಿತ್ರವು ಬೇರೆಯವರ ಮರಿಯದು. ಬೆಲೆಯು ನಿಜವಾದ ಬೆಲೆಯ ಅರ್ಧ. ಇನ್ನಿಬ್ಬರು ಕೇಳಿದ್ದಾರೆ, ಈಗಲೇ ಎರಡು ಸಾವಿರ ಕಳಿಸಿದರೆ ನಿಮಗೇ ಇಡುತ್ತೇನೆ ಎಂಬ ಮಾತು. ಕಳಿಸಿದ ಮೇಲೆ ಗಾಡಿಯ ಬಾಡಿಗೆ, ಆಮೇಲೆ ಪಂಜರದ ಖರ್ಚು, ಆಮೇಲೆ ಲಸಿಕೆಯ ಪತ್ರ, ಮರಿ ಮುಟ್ಟಿದ ಕೂಡಲೆ ಹಿಂದಿರುಗುವ ಠೇವಣಿ. ಕೊಳ್ಳುವವನಿಗೆ ಮೂರನೆಯ ಸಾರಿಯೇ ಸಂಶಯ ಬಂದಿರುತ್ತದೆ. ಆದರೆ ಮೊದಲಿನ ಎರಡು ಸಾವಿರ ಹೋಗಬಾರದೆಂದು ಮತ್ತೆ ನಾಲ್ಕು ಸಾವಿರ ಕಳಿಸುತ್ತಾನೆ. ಹೋದ ಹಣವನ್ನು ಹೊಸ ಹಣದಿಂದ ಎಳೆದು ತರಬೇಕೆಂಬ ಈ ಆಸೆಯೇ ಕಳ್ಳನ ನಿಜವಾದ ಬಲೆ. ಸಂಶಯ ಬಂದ ಗಳಿಗೆಯಲ್ಲಿ ಕೈಯನ್ನು ಹಿಂದೆಗೆದವನಿಗೆ ಎರಡು ಸಾವಿರವೇ ನಷ್ಟ.

ಮರಿ ಬೇಕಾದವನು ಮುಧೋಳಕ್ಕೆ ಬಂದು ತಾಯಿನಾಯಿಯೊಡನೆ ಮರಿಯನ್ನು ನೋಡಲಿ. ಹತ್ತಿರದ ತಿಮ್ಮಾಪುರದಲ್ಲಿ ಬೀದರದ ಪಶುವೈದ್ಯಕೀಯ ವಿಶ್ವವಿದ್ಯಾಲಯಕ್ಕೆ ಸೇರಿದ ಶ್ವಾನ ಸಂಶೋಧನಾ ಕೇಂದ್ರವಿದೆ, ಅಲ್ಲಿಯೂ ವಿಚಾರಿಸಬಹುದು. 2017ರ ನಿಯಮಗಳ ಪ್ರಕಾರ ಎಂಟು ವಾರ ತುಂಬದ ಮರಿಯನ್ನು ಮಾರಕೂಡದು. ದೂರದೂರಿನ ಒಬ್ಬನು ಮೋಸಹೋದರೆ ಮುಧೋಳದವರೇ ಮೋಸಗಾರರೆನ್ನುತ್ತಾನೆ, ಮತ್ತು ಅಲ್ಲಿ ನ್ಯಾಯವಾಗಿ ನಾಯಿ ಸಾಕುವವನ ರೊಟ್ಟಿಗೆ ಕಲ್ಲು ಬೀಳುತ್ತದೆ.

ಮೋಟಾರು ಸೈಕಲ್ಲಿನ ವಿಷಯವೂ ಹಾಗೆಯೇ. ಜಮಖಂಡಿಯ ಸಾರಿಗೆ ಕಚೇರಿಯ ಕೆಎ 48 ಎಂಬ ಗುರುತು ಹಲಗೆಯ ಮೇಲಿದ್ದರೆ ಸಾಲದು. ನೋಂದಣಿಯ ಮೂಲಪತ್ರವನ್ನು ಕೈಯಲ್ಲಿ ಹಿಡಿದು, ಅದರಲ್ಲಿರುವ ಇಂಜಿನ್ ಮತ್ತು ಚಾಸಿಯ ಸಂಖ್ಯೆಗಳನ್ನು ಗಾಡಿಯ ಮೈಮೇಲಿನ ಸಂಖ್ಯೆಗಳೊಡನೆ ಹೋಲಿಸಿ ನೋಡತಕ್ಕದ್ದು. ಪತ್ರದಲ್ಲಿ ಬ್ಯಾಂಕಿನ ಸಾಲದ ಗುರುತು ಇದ್ದರೆ ಸಾಲ ತೀರಿದ ಪತ್ರವನ್ನೂ, ಹೆಸರು ಬದಲಾವಣೆಗೆ ಮಾರುವವನ ರುಜುವುಳ್ಳ 29 ಮತ್ತು 30ನೆಯ ನಮೂನೆಗಳನ್ನೂ ಕೇಳಬೇಕು. ಹಗಲಿನಲ್ಲಿ, ನಾಲ್ಕು ಜನರಿರುವ ಸ್ಥಳದಲ್ಲಿ, ಮೆಕ್ಯಾನಿಕನನ್ನು ಜೊತೆಗೆ ಕರಕೊಂಡು ಹೋಗಿರಿ. ಅದೇ ನಮ್ಮ ಊರಬಾಗಲು.

ನಮ್ಮ ತಾಯಂದಿರು ಇನ್ನೊಂದು ಮಾತನ್ನು ಮನಸ್ಸಿನಲ್ಲಿಡಲಿ. ಹಣವನ್ನು ಪಡೆಯುವದಕ್ಕೆ ಗುಪ್ತಸಂಖ್ಯೆ ಬೇಡ, ಕ್ಯೂಆರ್ ಕೋಡನ್ನು ಸ್ಕ್ಯಾನ್ ಮಾಡುವದೂ ಬೇಡ. ಯುಪಿಐ ಪಿನ್ ಒತ್ತುವದು ಹಣ ಕೊಡುವದಕ್ಕೆ ಮಾತ್ರ. ಮುಂಗಡ ಹಿಂದಕ್ಕೆ ಕೊಡುತ್ತೇನೆ, ಇದನ್ನು ಸ್ಕ್ಯಾನ್ ಮಾಡಿ ಪಿನ್ ಒತ್ತಿರಿ ಎಂದು ಯಾವನಾದರೂ ಹೇಳಿದರೆ ಅವನು ಎರಡನೆಯ ಸಾರಿ ಕದಿಯುವವನು. ಸೀರೆ ಮಾರುವ ನೇಕಾರನೂ ಗಿರಾಕಿ ಕಳಿಸಿದ ಹಣಸಂದಾಯದ ಚಿತ್ರವನ್ನು ನೋಡಿ ಮಾಲು ಕಳಿಸದೆ, ತನ್ನ ಖಾತೆಯನ್ನೇ ನೋಡಿಕೊಳ್ಳಲಿ.

ಮೋಸಹೋದವರ ವಿಷಯವಾಗಿ ಒಂದು ಮಾತು. ಆಸೆಗೆ ತಕ್ಕ ಶಿಕ್ಷೆಯಾಯಿತೆಂದು ಅವರಿಗೆ ಉಪದೇಶಿಸುವವರು ನಮ್ಮಲ್ಲಿದ್ದಾರೆ. ಇದು ನನಗೆ ಸರಿದೋರುವದಿಲ್ಲ. ಮಗಳ ಓದಿಗೆ ಹಳೆಯ ಮೊಬೈಲು ಹುಡುಕಿದ ಕೂಲಿಯವಳಿಗೆ ಇದ್ದದ್ದು ದುರಾಸೆಯಲ್ಲ, ಬಡತನ. ಪಾಪವು ಕದ್ದವನದು. ನಾವು ಹೀಗೆ ಚುಚ್ಚುವದರಿಂದಲೇ ಮೋಸಹೋದವರು ಗಂಡನಿಗೂ ಹೇಳದೆ, ಸಭೆಯ ಹಿರಿಯರಿಗೂ ಹೇಳದೆ ಮುಚ್ಚಿಡುತ್ತಾರೆ. ಅಷ್ಟರಲ್ಲಿ ಹಣವು ಒಂದು ಖಾತೆಯಿಂದ ಇನ್ನೊಂದಕ್ಕೆ ಹಾರಿಹೋಗುತ್ತದೆ. ಗಿಬ್ಯೋನ್ಯರ ಕಪಟವು ಮೂರು ದಿನಗಳಾದ ಮೇಲೆ ಗೊತ್ತಾಯಿತು. ಹಣದ ವಿಷಯದಲ್ಲಿ ಮೂರು ತಾಸು ಕಾಯುವದೂ ಅಪಾಯ.

ಆದದರಿಂದ ಮೋಸವೆಂದು ತಿಳಿದ ಕೂಡಲೆ 1930 ಎಂಬ ಸಂಖ್ಯೆಗೆ ಫೋನು ಮಾಡತಕ್ಕದ್ದು. ಕಳ್ಳನ ಖಾತೆಯಲ್ಲಿ ಹಣವು ಇನ್ನೂ ಇದ್ದರೆ ಅದನ್ನು ತಡೆಹಿಡಿಯುವ ಏರ್ಪಾಡು 2021ರಿಂದ ನಡೆದಿರುತ್ತದೆ. ನಿಮ್ಮ ಬ್ಯಾಂಕಿಗೂ ತಿಳಿಸಿರಿ; ಅದರ ಫೋನು ಸಂಖ್ಯೆಯನ್ನು ಪಾಸುಬುಕ್ಕಿನಲ್ಲಿಯೋ ಎಟಿಎಂ ಕಾರ್ಡಿನ ಹಿಂಬದಿಯಲ್ಲಿಯೋ ನೋಡಿಕೊಳ್ಳಿರಿ, ಜಾಲದಲ್ಲಿ ಹುಡುಕಬೇಡಿರಿ, ಯಾಕಂದರೆ ಅಲ್ಲಿಯೂ ಕಳ್ಳರು ಸುಳ್ಳು ಸಂಖ್ಯೆ ಹಾಕಿರುತ್ತಾರೆ. ಅನಂತರ ಪೊಲೀಸು ಠಾಣೆಗೆ ಹೋಗಿರಿ. 1 ಜುಲೈ 2024ರಿಂದ ಜಾರಿಗೆ ಬಂದ ನಾಗರಿಕ ಸುರಕ್ಷಾ ಸಂಹಿತೆಯ ಪ್ರಕಾರ ಅಪರಾಧವು ಎಲ್ಲಿ ನಡೆದಿದ್ದರೂ ಯಾವ ಠಾಣೆಯಲ್ಲಿಯಾದರೂ ದೂರು ಕೊಡಬಹುದು. ಬಾಗಲಕೋಟೆಯಲ್ಲಿ ಇಂಥ ಅಪರಾಧಗಳಿಗಾಗಿಯೇ ಸಿಇಎನ್ ಠಾಣೆ ಇದೆ. ಮೋಸದಿಂದ ಹಣ ಕಿತ್ತುಕೊಂಡವನಿಗೆ ನ್ಯಾಯ ಸಂಹಿತೆಯ 318ನೆಯ ಕಲಮಿನಂತೆ 7 ವರ್ಷಗಳ ವರೆಗೆ ಶಿಕ್ಷೆಯುಂಟು.

ಯೆರೆಮೀಯನು ಅನಾತೋತಿನ ಹೊಲವನ್ನು 17 ಶೆಕೆಲಿಗೆ ಕೊಂಡಾಗ ಕ್ರಯಪತ್ರಗಳನ್ನು ಮಣ್ಣಿನ ಪಾತ್ರೆಯಲ್ಲಿ ಇಡಿಸಿದನು. ನೀವು ಜಾಹೀರಾತಿನ ಚಿತ್ರವನ್ನೂ, ಮಾತುಕತೆಯ ಸಂದೇಶಗಳನ್ನೂ, ಹಣ ಹೋದ ವ್ಯವಹಾರದ ಸಂಖ್ಯೆಯನ್ನೂ ಅಳಿಸದೆ ಇಡಿರಿ. ಸಿಟ್ಟಿನಿಂದ ಎಲ್ಲವನ್ನೂ ಅಳಿಸಿದವನ ಕೈಯಲ್ಲಿ ಸಾಕ್ಷಿ ಉಳಿಯದು. ಹೋದ ಹಣವೆಲ್ಲಾ ತಿರಿಗಿ ಬರುತ್ತದೆಂದು ನಾನು ಹೇಳಲಾರೆನು, ಅನೇಕರಿಗೆ ಬರುವದಿಲ್ಲ. ಫೀ ಕೊಟ್ಟರೆ ತಂದುಕೊಡುತ್ತೇನೆಂದು ಹಿಂದೆಯೇ ಬರುವವನನ್ನಂತೂ ನಂಬಬೇಡಿರಿ.

ಮಾರಿದವನು ಕಳ್ಳನಲ್ಲ, ಬೀಳಗಿಯವನೋ ಬನಹಟ್ಟಿಯವನೋ ಆದ ಗುರುತುಳ್ಳ ಮನುಷ್ಯನು, ಕೊಟ್ಟ ಯಂತ್ರ ಮಾತ್ರ ಕೆಟ್ಟದ್ದು ಎಂದಾದರೆ ದಾರಿ ಬೇರೆ. ಮತ್ತಾಯನ ಸುವಾರ್ತೆಯ 18ನೆಯ ಅಧ್ಯಾಯದಲ್ಲಿ ಕರ್ತನು ತೋರಿಸಿದ ಕ್ರಮವು ಇಲ್ಲಿಯೂ ಸಲ್ಲುತ್ತದೆ. ಮೊದಲು ಒಬ್ಬರೇ ಹೋಗಿ ಕೇಳಿರಿ. ಊರಲ್ಲೆಲ್ಲಾ ಹೆಸರು ಕೆಡಿಸಬೇಡಿರಿ. ಕೇಳದಿದ್ದರೆ ಒಬ್ಬಿಬ್ಬರನ್ನು ಕರಕೊಂಡು ಹೋಗಿರಿ. ಅಲ್ಲಿಗೂ ತೀರದೆ ಮಾರಿದವನು ವ್ಯಾಪಾರಿಯಾಗಿದ್ದರೆ 1915ಕ್ಕೆ ಹೇಳಬಹುದು, ಬಾಗಲಕೋಟೆಯ ಗ್ರಾಹಕರ ಆಯೋಗಕ್ಕೂ ಹೋಗಬಹುದು. 5 ಲಕ್ಷ ರೂಪಾಯಿಯೊಳಗಿನ ಸರಕಿನ ದೂರಿಗೆ ಅಲ್ಲಿ ಫೀ ಇಲ್ಲ. ಆದರೆ ನಿಮಗೆ ಬಂದ ಕೆಟ್ಟ ಯಂತ್ರಕ್ಕೆ ಬಣ್ಣ ಬಳಿದು ಅದೇ ಮೊಬೈಲಿನ ಸಂತೆಯಲ್ಲಿ ಮತ್ತೊಬ್ಬನ ತಲೆಗೆ ಕಟ್ಟಬೇಡಿರಿ.

ಯೌವನಸ್ಥರೇ, ನಿಮಗೆ ಕಡೆಗೆ ಹೇಳತಕ್ಕದ್ದು ಇದೆ. ಕಳ್ಳನಿಗೆ ತನ್ನ ಹೆಸರಿನ ಖಾತೆ ಬೇಡ, ಮತ್ತೊಬ್ಬನ ಖಾತೆ ಬೇಕು. ಐದಾರು ಸಾವಿರ ಕೊಡುತ್ತೇನೆ, ನಿನ್ನ ಪಾಸುಬುಕ್ಕು, ಎಟಿಎಂ ಕಾರ್ಡು, ಸಿಮ್ಮು ಕೊಡು ಎಂದು ಕೇಳುವವರು ಹಳ್ಳಿಗಳಿಗೂ ಬರುತ್ತಾರೆ. ಕೂಲಿಯವಳ ಹಣವು ಬಂದು ಬೀಳುವದು ಆ ಖಾತೆಗೆ, ಪೊಲೀಸರು ಮೊದಲು ಬರುವದೂ ಆ ಖಾತೆಯವನ ಬಾಗಲಿಗೆ. ಈಗಾಗಲೇ ಹಾಗೆ ಕೊಟ್ಟಿರುವವನು ಯಾವನಾದರೂ ಇದ್ದರೆ, ನಾಳೆಯೇ ಬ್ಯಾಂಕಿಗೆ ಹೋಗಿ ಬರವಣಿಗೆಯಲ್ಲಿ ತಿಳಿಸಿ ಖಾತೆಯ ವ್ಯವಹಾರವನ್ನು ನಿಲ್ಲಿಸಲಿ, ಅಲ್ಲಿಂದ ಠಾಣೆಗೂ ಹೋಗಲಿ. ಅವನ ಜೊತೆಯಲ್ಲಿ ಹೋಗುವದಕ್ಕೆ ಸಭೆಯ ಹಿರಿಯರಲ್ಲಿ ಒಬ್ಬರು ತಮ್ಮ ಒಂದು ದಿನದ ಕೆಲಸವನ್ನು ಬಿಡಲಿ.