ಎದೆಬಡಿತವು ಸಾಕ್ಷಿಯಾಗಬಲ್ಲುದೆ?

ಕುಂಬಳಕಾಯಿ ಕಳ್ಳನೆಂದರೆ ಹೆಗಲು ಮುಟ್ಟಿ ನೋಡಿಕೊಂಡನೆಂಬ ಗಾದೆಯನ್ನು ಅರಿಯದ ಮನೆಯಿಲ್ಲ. ಒಳಗಿನ ತಪ್ಪು ಮೈಮೇಲೆ ತೋರಿಯೇ ತೋರುವುದೆಂದು ನಮ್ಮವರ ನಂಬುಗೆ. ಕಾಳಿದಾಸನ ದುಷ್ಯಂತನೂ ಸಂದೇಹ ಬಂದೆಡೆ ತನ್ನ ಅಂತಃಕರಣದ ಒಲವನ್ನೇ ಪ್ರಮಾಣವಾಗಿ ಹಿಡಿಯುತ್ತಾನೆ. ಈ ಪ್ರಮಾಣವನ್ನು ಎಷ್ಟರಮಟ್ಟಿಗೆ ನೆಚ್ಚಬಹುದೆಂಬುದು ಪ್ರಕೃತ ವಿಚಾರ.

ನಾನು ಉಪಾಧ್ಯಾಯನಾಗಿದ್ದ ಕಾಲದಲ್ಲಿ, ನಮ್ಮ ತೆಂಗಿನ ಸೀಮೆಯ ಶಾಲೆಯೊಂದರಲ್ಲಿ, ಒಬ್ಬ ಹುಡುಗನ ಮೇಲೆ ಹಣ ಕದ್ದ ಅಪವಾದ ಬಂದಿತು. ಕರೆದು ಕೇಳಿದೆ. ಮುಖ ಬಿಳಿಚಿತು, ದೃಷ್ಟಿ ಎಲ್ಲಿಯೋ ನೆಟ್ಟಿತು, ಉತ್ತರವಿಲ್ಲ. ಎದೆಯ ಮೇಲೆ ಕೈಯಿಟ್ಟು ನೋಡಿದರೆ ನಾಗಾಲೋಟದ ಬಡಿತ. ಇನ್ನೇನು ಬೇಕೆಂದು ಬೆತ್ತವನ್ನೆತ್ತಿದೆ. ಹಣವು ಮರುದಿನ ಬೇರೆಡೆ ಸಿಕ್ಕಿತು. ಹುಡುಗನಿಗಿದ್ದುದು ಮೂರ್ಛೆರೋಗವೆಂದು ನನಗೆ ತಿಳಿದುದು ಒಂದು ವರ್ಷದ ಮೇಲೆ. ಆ ರೋಗದಲ್ಲಿ ಕೈಕಾಲು ಸೆಳೆಯದೆ ಬರಿಯ ಶೂನ್ಯದೃಷ್ಟಿಯೂ ಎದೆಯ ಓಟವೂ ತೋರುವುದುಂಟು.

ಅಪಸ್ಮಾರದಲ್ಲಿ ಕೆರಳಿದ ದೋಷಗಳು ಹೃದಯವನ್ನು ತುಂಬುವುವೆಂದು ಚರಕಸಂಹಿತೆ ಹೇಳುತ್ತದೆ; ಭೇಲನು ಮನಸ್ಸಿನ ನೆಲೆಯನ್ನು ತಲೆಗೂ ಅಂಗುಳಕ್ಕೂ ನಡುವೆ ಇಟ್ಟನು. ಪಾಠಶಾಲೆಯಲ್ಲಿ ಈ ಎರಡು ಪಕ್ಷಗಳನ್ನು ಹಿಡಿದು ನಾವು ವಾದಿಸಿದ್ದುಂಟು. ಈಗಿನ ವೈದ್ಯರು ಎರಡು ನೆಲೆಗಳನ್ನೂ ಕೂಡಿಸುವ ನರವನ್ನೇ ತೋರಿಸುತ್ತಾರೆ. ಮೂರ್ಛೆರೋಗಿಗಳ ಶಸ್ತ್ರಚಿಕಿತ್ಸೆಯ ವೇಳೆ ಮೆದುಳಿನ ಇನ್ಸುಲಾ ಎಂಬ ಮಡಿಕೆಗೆ ವಿದ್ಯುತ್ತನ್ನು ಸೋಂಕಿಸಿ ನೋಡಿದ ಪ್ರಯೋಗವೊಂದು 1992ರಲ್ಲಿ ಪ್ರಕಟವಾಯಿತು. ಎಡಭಾಗವನ್ನು ಸೋಂಕಿಸಿದಾಗ ಎದೆಬಡಿತವು ಹೆಚ್ಚಾಗಿ ಇಳಿಯಿತು. ಬಲಭಾಗದಲ್ಲಿ ಹೆಚ್ಚಾಗಿ ಏರಿತು. ಅಲ್ಲಿ ಅಪರಾಧವೆಲ್ಲಿಯದು, ಪಶ್ಚಾತ್ತಾಪವೆಲ್ಲಿಯದು? ಔಷಧಕ್ಕೆ ಬಗ್ಗದ ಮೂರ್ಛೆರೋಗವುಳ್ಳವರಲ್ಲಿ ಹೃದಯದ ಮೇಲಣ ನರಗಳ ಹತೋಟಿ ಕೆಟ್ಟಿರುವುದೆಂದು ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯವರೂ 2006ರಲ್ಲಿ ಪ್ರಕಟಿಸಿದರು.

ಇಂತಹ ರೋಗಿಗಳಲ್ಲಿ ಕೆಲವರಿಗೆ ಎದೆಯ ಚರ್ಮದಡಿ ಸಣ್ಣ ಯಂತ್ರವನ್ನಿಟ್ಟು, ಕೊರಳಿನ ವೇಗಸ್ ನರಕ್ಕೆ ಆಗಾಗ ವಿದ್ಯುತ್ತನ್ನು ಕೊಡುವ ಚಿಕಿತ್ಸೆಯುಂಟು. ಸಾಮಾನ್ಯವಾಗಿ ಎಡಗಡೆಯ ನರವನ್ನೇ ಆರಿಸುತ್ತಾರೆ. ಬಲಗಡೆಯದು ಹೃದಯದ ತಾಳ ಹುಟ್ಟುವ ತಾಣವನ್ನು ಹೆಚ್ಚಾಗಿ ಆಳುವುದರಿಂದ ಬಡಿತ ಕುಗ್ಗೀತೆಂಬ ಅಂಜಿಕೆ. ಅಮೆರಿಕದಲ್ಲಿ 2015ರಲ್ಲಿ ಅನುಮತಿ ಪಡೆದ ಯಂತ್ರವೊಂದು ಬಡಿತದ ಹಠಾತ್ತಾದ ಏರಿಕೆಯನ್ನೇ ಮೂರ್ಛೆಯ ಮುನ್ಸೂಚನೆಯೆಂದು ಹಿಡಿದು ತಾನಾಗಿ ಕೆಲಸಕ್ಕೆ ತೊಡಗುತ್ತದೆ. ಆದರೆ ಓಡಿದವನ ಎದೆಯೂ ಏರುತ್ತದೆ, ಮೆಟ್ಟಿಲು ಹತ್ತಿದವನದೂ ಏರುತ್ತದೆ. ಯಂತ್ರವು ಕೆಲವೊಮ್ಮೆ ಅದನ್ನೂ ಮೂರ್ಛೆಯೆಂದೇ ಎಣಿಸುತ್ತದೆ. ಯಂತ್ರದ ತಪ್ಪಿನಿಂದ ಆಗುವುದು ಅನವಶ್ಯವಾದ ಒಂದು ಮಿಡಿತ. ನನ್ನ ತಪ್ಪಿನಿಂದ ಆದುದು ಬೇರೆ.

ಹಾಗಾದರೆ ಅಂತಃಸಾಕ್ಷಿಯೆಂಬುದೇ ಸುಳ್ಳೋ ಎಂದು ಕೇಳುವವರಿದ್ದಾರೆ. ನನಗೆ ಹಾಗೆ ತೋರುವುದಿಲ್ಲ. ದುಷ್ಯಂತನು ಪ್ರಮಾಣವಾಗಿ ಹಿಡಿದುದು ತನ್ನ ಅಂತಃಕರಣವನ್ನು. ನಾನು ಹಿಡಿದುದು ಪರರ ಎದೆಗೂಡಿನ ಸದ್ದನ್ನು.

ಆ ಹುಡುಗನು ಈಗ ತಿಪಟೂರಿನ ಕೊಬ್ಬರಿ ಮಂಡಿಯೊಂದರಲ್ಲಿ ಲೆಕ್ಕ ಬರೆಯುತ್ತಾನೆ. ಮರ ಹತ್ತಕೂಡದೆಂದು ವೈದ್ಯರ ಕಟ್ಟಪ್ಪಣೆಯಂತೆ. ಕಂಡಾಗಲೆಲ್ಲ "ನಮಸ್ಕಾರ ಮೇಷ್ಟ್ರೇ" ಎಂದು ಕೈಮುಗಿಯುತ್ತಾನೆ. ಬೆತ್ತದ ಮಾತನ್ನು ಅವನು ಎತ್ತಿಲ್ಲ. ನಾನೂ ಈವರೆಗೆ ಎತ್ತಿಲ್ಲ.