ಒಡೆಯದ ಗಾಜಿನ ಪೆಡಸುತನ

ಕಪಾಟಿನಲ್ಲಿರುವ ಗಾಜಿನ ಲೋಟ ಪೆಡಸು ಎಂದು ಎಲ್ಲರೂ ಒಪ್ಪುತ್ತಾರೆ. ಅದು ಇನ್ನೂ ಒಡೆದಿಲ್ಲ. ಎಂದೂ ಒಡೆಯದೆ ಉಳಿಯಲೂಬಹುದು. ಬಣ್ಣ ಕಣ್ಣಿಗೆ ಸಿಗುತ್ತದೆ, ತೂಕ ತಕ್ಕಡಿಗೆ ಸಿಗುತ್ತದೆ. ಪೆಡಸುತನ ಮಾತ್ರ ಲೋಟ ಚೂರಾಗುವವರೆಗೆ ಎಲ್ಲಿಯೂ ಕಾಣಿಸಿಕೊಳ್ಳುವುದಿಲ್ಲ. ನಡೆಯದ ಘಟನೆಯೊಂದನ್ನು ಮುಂದಿಟ್ಟುಕೊಂಡು ವಸ್ತುವಿಗೆ ಗುಣವನ್ನು ಹೇಳುವುದು ಹೇಗೆ ಸಾಧ್ಯ? ತಾಮ್ರವನ್ನು ತಂತಿಯಾಗಿ ಎಳೆಯಬಹುದು, ಉಕ್ಕು ಭಾರ ಹೊರಬಲ್ಲದು, ಅಕ್ರಿಲಿಕ್ ಹಾಳೆ ಕಾಯಿಸಿದರೆ ಬಾಗುತ್ತದೆ ಎಂದು ವಿನ್ಯಾಸದ ಪಠ್ಯಪುಸ್ತಕಗಳು ಪಟ್ಟಿ ಕೊಡುವಾಗಲೆಲ್ಲ ಈ ಪ್ರಶ್ನೆ ಹಿಂದೆಯೇ ಇರುತ್ತದೆ. ಭಾರತೀಯ ದರ್ಶನಗಳು ಇದನ್ನು ‘ಶಕ್ತಿ’ಯ ವಿಚಾರವೆಂದು ಚರ್ಚಿಸಿವೆ.

ಮೀಮಾಂಸಕರ ವಾದಕ್ಕೆ ಬೆಂಕಿಯೇ ಉದಾಹರಣೆ. ಬೆಂಕಿ ಸುಡುತ್ತದೆ, ಒಂದು ಬಗೆಯ ಮಣಿಯನ್ನು ಹತ್ತಿರ ತಂದರೆ ಅದೇ ಬೆಂಕಿ ಸುಡುವುದಿಲ್ಲವೆಂಬ ನಂಬಿಕೆ ಅಂದು ಇತ್ತು. ಬೆಂಕಿ ಕಣ್ಣಿಗೆ ಮೊದಲಿನಂತೆಯೇ ಇದೆ, ಕೆಲಸ ಮಾತ್ರ ನಿಂತಿದೆ. ಆದ್ದರಿಂದ ಇಂದ್ರಿಯಕ್ಕೆ ಸಿಗದ ದಾಹಕಶಕ್ತಿಯೊಂದು ಅದರಲ್ಲಿ ಇರಲೇಬೇಕು ಎಂದು ಅವರು ಅರ್ಥಾಪತ್ತಿಯಿಂದ, ಅಂದರೆ ಕಂಡದ್ದನ್ನು ಬೇರೆ ರೀತಿಯಲ್ಲಿ ವಿವರಿಸಲಾಗದಾಗ ಕಾಣದ್ದನ್ನು ಒಪ್ಪುವ ಪ್ರಮಾಣದಿಂದ, ಸಾಧಿಸಿದರು. ನ್ಯಾಯದರ್ಶನದ ಉದಯನಾಚಾರ್ಯರು ‘ನ್ಯಾಯಕುಸುಮಾಂಜಲಿ’ಯಲ್ಲಿ ಇದನ್ನು ಒಪ್ಪುವುದಿಲ್ಲ. ಅಡ್ಡಿ ಇಲ್ಲದಿರುವುದೂ ಕಾರಣಗಳಲ್ಲಿ ಒಂದು. ಎಲ್ಲ ಕಾರಣಗಳು ಕೂಡಿದರೆ ಕಾರ್ಯ ಆಗುತ್ತದೆ, ಒಂದು ತಪ್ಪಿದರೆ ಆಗುವುದಿಲ್ಲ. ಕಾಣದ ಶಕ್ತಿಯನ್ನು ನಡುವೆ ತರುವುದರಿಂದ ಲಾಭವಿಲ್ಲ. ಮಣಿಯ ಕಥೆಯನ್ನು ಇಂದು ಯಾರೂ ನಂಬಬೇಕಾಗಿಲ್ಲ; ಹಸಿ ಸೌದೆಯನ್ನು ಇಟ್ಟುಕೊಂಡರೂ ವಾದ ಅಷ್ಟೇ ಚೆನ್ನಾಗಿ ನಡೆಯುತ್ತದೆ.

ಗಾಜಿನ ಮಟ್ಟಿಗೆ ನೈಯಾಯಿಕರ ದಾರಿಯೇ ಫಲ ಕೊಟ್ಟಿದೆ. ಎಂಜಿನಿಯರ್ ಎ. ಎ. ಗ್ರಿಫಿತ್ 1921ರಲ್ಲಿ ತೋರಿಸಿದಂತೆ, ಗಾಜು ಸುಲಭವಾಗಿ ಒಡೆಯುವುದು ಅದರಲ್ಲಿರುವ ಅತಿ ಸಣ್ಣ ಬಿರುಕುಗಳಿಂದ. ಎಳೆತದ ಒತ್ತಡ ಬಿರುಕಿನ ತುದಿಯಲ್ಲಿ ಒಟ್ಟಾಗುತ್ತದೆ, ಬಿರುಕು ಓಡುತ್ತದೆ. ಆಗ ತಾನೇ ಎಳೆದ ಸಣ್ಣ ಗಾಜಿನ ಎಳೆ ದಪ್ಪ ಕಡ್ಡಿಗಿಂತ, ಅದರ ಅಳತೆಗೆ ಹೋಲಿಸಿದರೆ, ಎಷ್ಟೋ ಪಾಲು ಗಟ್ಟಿ. ಕಿಟಕಿಗೆ ಗಾಜು ಕೂಡಿಸುವವರಿಗೆ ಸೂತ್ರ ಗೊತ್ತಿಲ್ಲದಿದ್ದರೂ ಸಂಗತಿ ಗೊತ್ತು: ಮೇಲೊಂದು ಗೀರು ಎಳೆದು ತಟ್ಟಿದರೆ ಹಾಳೆ ಗೀರಿನ ಗುಂಟವೇ ಬೇರೆಯಾಗುತ್ತದೆ. ಹಾಗಾದರೆ ಪೆಡಸುತನ ಗಾಜೆಂಬ ದ್ರವ್ಯದ ಒಡಲಲ್ಲಿ ಅಡಗಿ ಕುಳಿತ ಒಂದು ಪದಾರ್ಥವಲ್ಲ. ದ್ರವ್ಯ, ಬಿರುಕು, ಬಿದ್ದ ಪೆಟ್ಟು ಮೂರೂ ಸೇರಿದಾಗ ಆಗುವುದನ್ನು ಮುಂಚಿತವಾಗಿ ಹೇಳುವ ರೀತಿ ಅದು.

ಬಾಗಿ ಮರಳುವ ಗುಣಕ್ಕೆ ದರ್ಶನಗಳಲ್ಲಿ ಹೆಸರೇ ಇದೆ. ವೈಶೇಷಿಕರು ಎಣಿಸಿದ ಇಪ್ಪತ್ತನಾಲ್ಕು ಗುಣಗಳಲ್ಲಿ ಸಂಸ್ಕಾರ ಒಂದು, ಅದರ ಒಂದು ಬಗೆ ಸ್ಥಿತಿಸ್ಥಾಪಕ. ಬಗ್ಗಿಸಿ ಬಿಟ್ಟ ಕೊಂಬೆ, ಸುತ್ತಿ ಬಿಟ್ಟ ಚಾಪೆ ಮೊದಲಿನ ಸ್ಥಿತಿಗೆ ಮರಳುವುದು ಇದರಿಂದ. ಇಂದಿನ ಕನ್ನಡ ಭೌತವಿಜ್ಞಾನ ಪುಸ್ತಕಗಳ ‘ಸ್ಥಿತಿಸ್ಥಾಪಕತ್ವ’ ಇಲ್ಲಿಂದಲೇ ಬಂದದ್ದು. ಆದರೆ ಗುಣವನ್ನು ಸಂದರ್ಭ ಬಿಟ್ಟು ದ್ರವ್ಯಕ್ಕೆ ಕಟ್ಟಿಹಾಕಿದರೆ ಏನಾಗುತ್ತದೆಂಬುದನ್ನು 1986ರ ಜನವರಿ 28 ತೋರಿಸಿತು. ಚಾಲೆಂಜರ್ ಬಾಹ್ಯಾಕಾಶ ನೌಕೆ ಹಾರಿದ ಆ ಬೆಳಿಗ್ಗೆ ಫ್ಲಾರಿಡಾದ ಉಡಾವಣಾ ಕೇಂದ್ರದಲ್ಲಿ ಉಷ್ಣತೆ ಸುಮಾರು 2 ಡಿಗ್ರಿ ಸೆಲ್ಸಿಯಸ್. ರಾಕೆಟ್ಟಿನ ಸಂದುಗಳನ್ನು ಮುಚ್ಚಬೇಕಿದ್ದ ರಬ್ಬರಿನ ಬಳೆಗಳು ಚಳಿಗೆ ಸೆಟೆದು, ಬೇಕಾದ ವೇಗದಲ್ಲಿ ಹಿಗ್ಗಲಿಲ್ಲ. ನೌಕೆ ಛಿದ್ರವಾಗಿ ಏಳು ಮಂದಿ ಸತ್ತರು. ತನಿಖೆಯ ವೇಳೆ ಭೌತವಿಜ್ಞಾನಿ ರಿಚರ್ಡ್ ಫೈನ್‌ಮನ್ ಅದೇ ರಬ್ಬರಿನ ತುಂಡನ್ನು ಕ್ಲ್ಯಾಂಪಿನಲ್ಲಿ ಒತ್ತಿ, ಮಂಜುಗಡ್ಡೆಯ ನೀರಿಗೆ ಅದ್ದಿ, ಬಿಡಿಸಿದ ಮೇಲೂ ಅದು ಒಡನೆ ಮರಳದ್ದನ್ನು ಎಲ್ಲರೆದುರು ತೋರಿಸಿದರು. ರಬ್ಬರು ರಬ್ಬರಾಗಿಯೇ ಇತ್ತು, ನೈಯಾಯಿಕರು ‘ಸಾಮಗ್ರಿ’ ಎನ್ನುವ ಕಾರಣಗಳ ಪೂರ್ಣ ಗುಂಪು ಕೂಡಿರಲಿಲ್ಲ.

ಬೌದ್ಧರು ಇನ್ನೂ ಮುಂದೆ ಹೋಗುತ್ತಾರೆ. ಧರ್ಮಕೀರ್ತಿಯ ಪ್ರಕಾರ ಕಾರ್ಯ ಮಾಡಬಲ್ಲದ್ದೇ ಸತ್, ಅಂದರೆ ನಿಜವಾಗಿ ಇರುವಂಥದ್ದು. ಕಣಜದ ಬೀಜ ಮೊಳೆಯುವುದಿಲ್ಲ, ಹೊಲದ ಬೀಜ ಮೊಳೆಯುತ್ತದೆ. ಆದ್ದರಿಂದ ಅವೆರಡೂ ಒಂದೇ ಬೀಜವಲ್ಲ ಎಂದು ಆ ಪರಂಪರೆ ವಾದಿಸಿತು. ತರ್ಕ ಚೊಕ್ಕಟವಾಗಿದೆ, ಆದರೆ ಇದನ್ನು ಒಪ್ಪಿದರೆ ನಿನ್ನೆ ಪರೀಕ್ಷಿಸಿದ ಉಕ್ಕಿನ ಸರಳನ್ನು ನಂಬಿ ಇಂದು ತೊಲೆ ಏರಿಸುವಂತಿಲ್ಲ.

ಉಡುಪಿಯ ಮಧ್ವಾಚಾರ್ಯರ ಪರಂಪರೆ ಶಕ್ತಿಯನ್ನು ಬೇರೆಯೇ ಪದಾರ್ಥವೆಂದು ಉಳಿಸಿಕೊಂಡಿತು. ಅದರ ಬಗೆಗಳಲ್ಲಿ ಎರಡು ಇಲ್ಲಿ ಮುಖ್ಯ: ವಸ್ತುವಿನಲ್ಲೇ ಇರುವ ಸಹಜಶಕ್ತಿ, ಹೊರಗಿನಿಂದ ಬರುವ ಆಧೇಯಶಕ್ತಿ. ಪ್ರತಿಷ್ಠೆಯಿಂದ ವಿಗ್ರಹಕ್ಕೆ ಬರುವುದು ಎರಡನೆಯದು. ಕುಲುಮೆಯನ್ನು ನೋಡಿದವರಿಗೆ ಈ ವಿಂಗಡಣೆ ಹಿಡಿಸುವಂತಿದೆ. ತಕ್ಕಷ್ಟು ಇಂಗಾಲವಿರುವ ಉಕ್ಕನ್ನು ಕೆಂಪಗೆ ಕಾಯಿಸಿ ನೀರಿಗೆ ಅದ್ದಿದರೆ ಗಡಸಾಗುತ್ತದೆ. ಬೂದಿಯಲ್ಲಿ ಹೂತು ನಿಧಾನವಾಗಿ ಆರಿಸಿದರೆ ಅದೇ ಉಕ್ಕು ಮೆದು. ಎರಡರಲ್ಲೂ ಕಬ್ಬಿಣ, ಇಂಗಾಲ ಅಷ್ಟಷ್ಟೇ. ಬೆಂಕಿ ಆರಿ ಎಷ್ಟೋ ಕಾಲವಾದ ಮೇಲೂ ಕತ್ತಿ ಆ ಗಡಸನ್ನು ಉಳಿಸಿಕೊಳ್ಳುವುದರಿಂದ, ಏನೋ ಒಂದು ಒಳಗೆ ಸೇರಿದೆ ಎನ್ನಿಸುವುದು ಸಹಜ. ಸೇರಿದ್ದು ದ್ರವ್ಯವಲ್ಲ, ಬದಲಾದದ್ದು ಪರಮಾಣುಗಳ ಜೋಡಣೆ. ಮರದ ವಿಷಯವೂ ಹೀಗೆ: ಎಳೆಯ ಉದ್ದಕ್ಕೆ ಗಟ್ಟಿ, ಅಡ್ಡಕ್ಕೆ ಎಳೆದರೆ ಸೀಳುತ್ತದೆ, ಪ್ಲೈವುಡ್ಡಿನಲ್ಲಿ ತೆಳು ಪದರಗಳನ್ನು ಒಂದಕ್ಕೊಂದು ಅಡ್ಡಡ್ಡ ಅಂಟಿಸುವುದು ಇದಕ್ಕಾಗಿಯೇ. ಅವಯವಗಳ ಸಂಯೋಗವನ್ನೂ ಕಾರಣಗಳಲ್ಲಿ ಸೇರಿಸಿಕೊಂಡರೆ ಸಾಕು ಎಂದು ನೈಯಾಯಿಕ ಇಲ್ಲಿ ಉತ್ತರಿಸಬಹುದು, ಆ ಉತ್ತರವೇ ಗಟ್ಟಿ. ವಿಗ್ರಹದ ಮಾತು ಬೇರೆ. ಶಿಲೆಯ ಗಡಸುತನ ಅಳೆದರೆ ಪ್ರತಿಷ್ಠೆಯ ಮೊದಲೂ ನಂತರವೂ ಒಂದೇ ಅಂಕಿ ಬರುತ್ತದೆ. ಅಲ್ಲಿ ಹೇಳುವ ಶಕ್ತಿಗೆ ಪ್ರಮಾಣ ಶಾಸ್ತ್ರವೇ ಹೊರತು ಅಳತೆಯಲ್ಲ.